ಫ್ರಾಂಕೊ ಲುವಾಂಬೊ ಅವರ ಸಂಗೀತವನ್ನು ಕೇಳುವ ಕ್ರಮ

ಕಾಂಗೋ ದೇಶದ ಗಿಟಾರ್ ವಾದಕರೂ ಗೀತರಚನೆಕಾರರೂ ಆದ ಫ್ರಾಂಕೊ ಲುವಾಂಬೊ ಮಕಿಯಾಡಿ (1938–1989) ಅವರ ಧ್ವನಿಮುದ್ರಣಗಳು ಅಂತರ್ಜಾಲದಲ್ಲಿ ಧಾರಾಳವಾಗಿ ದೊರೆಯುತ್ತವೆ. ಆದರೆ ಮೂರು ದಶಕಗಳಿಗೂ ಮೀರಿದ ಆ ರಾಶಿಯಲ್ಲಿ ಎಲ್ಲಿಂದ ತೊಡಗಬೇಕೆಂಬುದು ಹೊಸ ಕೇಳುಗರಿಗೆ ತಿಳಿಯುವುದಿಲ್ಲ. ಜನಪ್ರಿಯ ಹಾಡುಗಳನ್ನು ಅಲ್ಲೊಂದು ಇಲ್ಲೊಂದು ಆಯ್ದು ಕೇಳುವುದಕ್ಕಿಂತ ಅವರ ಬದುಕಿನ ಘಟ್ಟಗಳನ್ನು ಅನುಸರಿಸಿ ಕೇಳುವುದು ಲೇಸು. ಹಾಡಿನ ಉದ್ದ, ಗಿಟಾರಿನ ಪಾತ್ರ, ಮಾತಿನ ಮೊನಚು ಇವೆಲ್ಲ ಆ ಘಟ್ಟಗಳೊಂದಿಗೇ ಬದಲಾಗುತ್ತ ಬಂದಿವೆ.

ಮೊದಲು 1950ರ ದಶಕದ ಮುದ್ರಣಗಳನ್ನು ಕೇಳಬೇಕು. ಸೋನಾ ಬಾಟಾ ಎಂಬ ಊರಿನಲ್ಲಿ ಹುಟ್ಟಿದ ಫ್ರಾಂಕೊ ಬೆಳೆದದ್ದು ಇಂದು ಕಿನ್ಶಾಸಾ ಎನಿಸಿಕೊಂಡಿರುವ ಲಿಯೊಪೋಲ್ಡ್‌ವಿಲ್ ನಗರದಲ್ಲಿ. ತಾಯಿ ಅಲ್ಲಿನ ಮಾರುಕಟ್ಟೆಯಲ್ಲಿ ಎಣ್ಣೆಯಲ್ಲಿ ಕರಿದ ಹಿಟ್ಟಿನ ತಿಂಡಿ ಮಾರುತ್ತಿದ್ದರು. ಹುಡುಗ ಆ ಅಂಗಡಿಯ ಪಕ್ಕದಲ್ಲೇ ನಿಂತು ವಾದ್ಯ ನುಡಿಸಿ ಗಿರಾಕಿಗಳನ್ನು ಸೆಳೆಯುತ್ತಿದ್ದ. ಹದಿಹರೆಯದಲ್ಲೇ ಗ್ರೀಕ್ ವ್ಯಾಪಾರಿಯೊಬ್ಬರ ಲೋನಿಂಗಿಸಾ ಸ್ಟುಡಿಯೊ ಸೇರಿ, 1956ರಲ್ಲಿ ಗೆಳೆಯರೊಂದಿಗೆ ‘ಓಕೆ ಜಾಝ್’ ತಂಡವನ್ನು ಕಟ್ಟಿದರು. ಅದೇ ವರ್ಷದ ‘ಆನ್ ಆಂತ್ರ್ ಓಕೆ, ಆನ್ ಸೋರ್ ಕೆಓ’ ಎಂಬ ಹಾಡಿನಿಂದ ಆರಂಭಿಸಬಹುದು. ಆಗಿನ ಅರಗಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷಗಳಷ್ಟೇ ಹಿಡಿಯುತ್ತಿದ್ದುದರಿಂದ ಇಲ್ಲಿ ಎಲ್ಲವೂ ಅಡಕವಾಗಿದೆ. ಕ್ಯೂಬಾದ ರುಂಬಾ ಸಂಗೀತದ ನೆರಳನ್ನು ಈ ಹಾಡುಗಳಲ್ಲಿ ಗುರುತಿಸುವುದು ಕಷ್ಟವಲ್ಲ. ಗುಲಾಮರಾಗಿ ಸಾಗಿಸಲ್ಪಟ್ಟ ಮಧ್ಯ ಆಫ್ರಿಕಾದವರೊಂದಿಗೆ ಕಡಲು ದಾಟಿದ್ದ ಲಯಗಳೇ 1930ರ ದಶಕದಿಂದೀಚೆಗೆ ಗ್ರಾಮಫೋನ್ ತಟ್ಟೆಗಳ ಮೂಲಕ ಕಾಂಗೋಗೆ ಮರಳಿದ್ದವು.

ಎರಡನೆಯ ಸುತ್ತಿನಲ್ಲಿ ಗಿಟಾರನ್ನು ಪ್ರತ್ಯೇಕಿಸಿ ಕೇಳುವುದನ್ನು ರೂಢಿಸಿಕೊಳ್ಳಬೇಕು, ಮತ್ತು ಹೆಚ್ಚು ಸಮಯವನ್ನು ಇದಕ್ಕೇ ಮೀಸಲಿಡಬೇಕು. 1960ರ ದಶಕದಿಂದ ಹಾಡು ಸಾಮಾನ್ಯವಾಗಿ ಎರಡು ಅಂಗಗಳಾಗಿ ಸಾಗುತ್ತದೆ: ಮೊದಲು ನಿಧಾನಗತಿಯ ಗಾಯನ, ಬಳಿಕ ಗಾಯನ ಹಿಂದೆ ಸರಿದು ಗಿಟಾರುಗಳೇ ಮುನ್ನಡೆಸುವ ‘ಸೆಬೆನ್’. ಕುಣಿಯುವವರು ಕಾಯುವುದು ಈ ಎರಡನೆಯ ಅಂಗಕ್ಕೆ. ಇಯರ್‌ಫೋನ್ ಹಾಕಿಕೊಂಡು, ಮೊದಲ ಸಲ ಸೆಬೆನ್‌ನ ಒಂದೇ ಗಿಟಾರನ್ನು ಕೊನೆಯವರೆಗೂ ಹಿಂಬಾಲಿಸಿರಿ. ಮರುಸಲ ಇನ್ನೊಂದನ್ನು ಹಿಡಿಯಿರಿ. ಫ್ರಾಂಕೊ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಎರಡು ತಂತಿಗಳನ್ನು ಒಟ್ಟಿಗೆ ಮೀಟಿ, ಒಂದು ಚಿಕ್ಕ ನುಡಿಯನ್ನೇ ಮತ್ತೆ ಮತ್ತೆ ನುಡಿಸುತ್ತ, ಕೇಳುಗರು ಅದಕ್ಕೆ ಒಗ್ಗಿಕೊಂಡ ಹೊತ್ತಿಗೆ ಒಂದೇ ಸ್ವರವನ್ನು ಬದಲಿಸಿಬಿಡುತ್ತಾರೆ. ಇದು ಮೊದಲಿಗೆ ಬರಿಯ ಪುನರಾವರ್ತನೆಯಂತೆ ಕೇಳಿಸಿ ಬೇಸರ ಹುಟ್ಟಿಸಬಹುದು. ಅಂಥ ವೇಳೆ ಪ್ರತಿಸ್ಪರ್ಧಿ ತಂಡವಾದ ‘ಆಫ್ರಿಕನ್ ಜಾಝ್’ನ ಗಿಟಾರ್ ವಾದಕ ಡಾಕ್ಟರ್ ನಿಕೊ ಅವರ ನಯವಾದ ವಾದನವನ್ನು ಕೇಳಿ ಹಿಂದಿರುಗಿದರೆ, ಫ್ರಾಂಕೊ ಅವರ ಒರಟುತನ ಬೇಕೆಂದೇ ಉಳಿಸಿಕೊಂಡದ್ದು ಎಂಬುದು ಮನದಟ್ಟಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಆ ಕಾಲದ ಸಣ್ಣ ತಟ್ಟೆಗಳಲ್ಲಿ ಒಂದೇ ಹಾಡು ಎರಡು ಮಗ್ಗುಲಿಗೆ ಹಂಚಿಹೋಗುತ್ತಿದ್ದುದರಿಂದ, ಇಂದಿಗೂ ಕೆಲವೆಡೆ ಅದು ‘ಭಾಗ 1’, ‘ಭಾಗ 2’ ಎಂದು ಬೇರೆ ಬೇರೆಯಾಗಿ ಸಿಗುತ್ತದೆ. ಎರಡನ್ನೂ ಹುಡುಕಿ ಒಟ್ಟಿಗೆ ಕೇಳದಿದ್ದರೆ ಸೆಬೆನ್ ತಪ್ಪಿಹೋಗುವ ಸಂಭವವೇ ಹೆಚ್ಚು.

ಮೂರನೆಯದಾಗಿ ಸಾಹಿತ್ಯ. ಹಾಡುಗಳು ಹೆಚ್ಚಾಗಿ ಲಿಂಗಾಲ ಭಾಷೆಯಲ್ಲಿವೆಯಾದ್ದರಿಂದ ಅನುವಾದವನ್ನು ಮೊದಲೇ ಓದಿಕೊಳ್ಳುವುದು ಒಳ್ಳೆಯದು. 1985ರ ‘ಮಾರಿಯೊ’ ಹಾಡಿನಲ್ಲಿ, ಓದಿಯೂ ದುಡಿಯದೆ ತನಗಿಂತ ಹಿರಿಯಳಾದ ಸಿರಿವಂತ ಹೆಂಗಸಿನ ಆಸರೆಯಲ್ಲಿ ಬದುಕುವ ಯುವಕನೊಬ್ಬನನ್ನು ಆಕೆಯ ಬಾಯಿಂದಲೇ ತರಾಟೆಗೆ ತೆಗೆದುಕೊಳ್ಳಲಾಗಿದೆ. ತಂಡದ ಗಾಯಕ ಮಾದಿಲು ಸಿಸ್ಟಮ್ ಅವರ ಇಂಪಾದ ಗಾಯನಕ್ಕೆ ಫ್ರಾಂಕೊ ಅವರ ಮಾತಿನ ಧಾಟಿಯ ಗಡಸು ದನಿ ಎದುರಾಗುವ ಬಗೆಯನ್ನು ಗಮನಿಸಬೇಕು. ಅದೇ ಗಡಸು ದನಿ 1987ರ ‘ಅಟಾನ್ಸಿಯೋಂ ನಾ ಸಿಡಾ’ ಹಾಡಿನಲ್ಲಿ ಏಡ್ಸ್ ಕುರಿತು ಇಡೀ ಸಮಾಜವನ್ನು ಎಚ್ಚರಿಸುತ್ತದೆ. 1978ರಲ್ಲಿ ಅಶ್ಲೀಲ ಹಾಡುಗಳಿಗಾಗಿ ಸೆರೆಮನೆ ಕಂಡಿದ್ದ ಈ ಕಲಾವಿದರೇ ಸರ್ವಾಧಿಕಾರಿ ಮೊಬುಟು ಅವರನ್ನು ಹೊಗಳಿಯೂ ಹಾಡಿದ್ದರು. ಅಂಥ ಹೊಗಳಿಕೆಯ ಹಾಡುಗಳನ್ನು ಮೊದಲ ಸುತ್ತಿನಲ್ಲಿ ಬಿಟ್ಟರೆ ನಷ್ಟವಿಲ್ಲ, ಆದರೆ ಅವು ಇರಲೇ ಇಲ್ಲವೆಂಬಂತೆ ನಡೆದುಕೊಳ್ಳುವುದು ಸರಿಯಲ್ಲ.

ಪ್ರತಿ ಹಾಡಿನ ರಚನೆಕಾರರ ಹೆಸರನ್ನೂ ನೋಡಿಕೊಳ್ಳಬೇಕು. ತಂಡ ಫ್ರಾಂಕೊ ಅವರದೆಂಬ ಮಾತ್ರಕ್ಕೆ ಎಲ್ಲ ಹಾಡುಗಳೂ ಅವರವಲ್ಲ. 1974ರ ಪ್ರಸಿದ್ಧ ‘ಮಾಬೆಲೆ’ಯನ್ನು ರಚಿಸಿದವರು ತಂಡದ ಗಿಟಾರ್ ವಾದಕ ಸಿಮಾರೊ ಲುಟುಂಬಾ, ಹಾಡಿದವರು ಸ್ಯಾಮ್ ಮಂಗ್ವಾನಾ.

ಇಷ್ಟಾದ ಮೇಲೆ, 1983ರಲ್ಲಿ ಫ್ರಾಂಕೊ ಮತ್ತು ಗಾಯಕ ಟಾಬು ಲೇ ರೋಷರೊ ಜೊತೆಗೂಡಿ ಮಾಡಿದ ಮುದ್ರಣಗಳನ್ನು ಕೇಳಬಹುದು. ರೋಷರೊ ಹೆಸರು ಮಾಡಿದ್ದು ‘ಆಫ್ರಿಕನ್ ಜಾಝ್’ ತಂಡದಲ್ಲಾದ್ದರಿಂದ ಕಾಂಗೋ ರುಂಬಾದ ಎರಡು ಮನೆತನಗಳೂ ಇಲ್ಲಿ ಒಂದೆಡೆ ಕೇಳಸಿಗುತ್ತವೆ, ಮತ್ತು ಆ ಇನ್ನೊಂದು ಮನೆತನದ ಹಾಡುಗಳತ್ತ ಹೊರಳಲು ಇದೇ ಸುಲಭವಾದ ದಾರಿ.