ಕೊಕ್ಕೊ ತಂಡದ ಖರ್ಚು ಮಕ್ಕಳ ಮನೆಗೆ ಹೋಗದಂತೆ ನೋಡಿಕೊಂಡ ಬಗೆ

ಮೈಸೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಗೆ ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ನಾನು ಬಂದಾಗ, ಬಾಲಕಿಯರ ಕೊಕ್ಕೊ ತಂಡ ಕಟ್ಟಲು ಬೇಕಾಗಿದ್ದದ್ದು 27 ಮೀಟರ್ ಉದ್ದ ಮತ್ತು 16 ಮೀಟರ್ ಅಗಲದ ಸಮತಟ್ಟಾದ ನೆಲ, ನೆಟ್ಟಗೆ ನಿಲ್ಲುವ ಎರಡು ಕಂಬ, ಗೆರೆ ಎಳೆಯಲು ಒಂದು ಚೀಲ ಸುಣ್ಣದ ಪುಡಿ ಮತ್ತು ಒಂದು ಸೀಟಿ, ಇಷ್ಟೇ. ಮಕ್ಕಳು ಬರಿಗಾಲಿನಲ್ಲಿ ಓಡುತ್ತಿದ್ದರು, ಸಮವಸ್ತ್ರದ ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ತಾಲ್ಲೂಕು ಮಟ್ಟದವರೆಗೂ ಆಡಿ ಬರುತ್ತಿದ್ದರು. ಈ ಆಟಕ್ಕೆ ಚೆಂಡು ಬೇಡ, ಬ್ಯಾಟು ಬೇಡ, ಬಲೆ ಬೇಡ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಅದು ಇಷ್ಟು ಗಟ್ಟಿಯಾಗಿ ನೆಲೆಯೂರಲು ಇದೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್ಪಿನ ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಬಸ್ಸಿನಲ್ಲಿ ಹೋಗಿ ಬರಬಹುದಾದಷ್ಟು ಹತ್ತಿರದ ಊರಿನ ಹೆಣ್ಣುಮಗಳೊಬ್ಬಳು ಟಿ.ವಿ.ಯಲ್ಲಿ ಆಡುವುದನ್ನು ಕಂಡ ಮೇಲೆ, ಎಂಟನೇ ತರಗತಿಗೆ ಸೇರುವಾಗಲೇ ತಂಡಕ್ಕೆ ಹೆಸರು ಕೊಡುವ ಮಕ್ಕಳು ಹೆಚ್ಚಾಗಿದ್ದಾರೆ.

ಇಂಥ ಆಟದಲ್ಲೂ ಈಗ ಒಂದು ಮಗು ಉಳಿಯಬೇಕಾದರೆ ಮನೆಯವರು ಹಣ ಹೊಂದಿಸಬೇಕಾದ ಸ್ಥಿತಿ ಬಂದಿದೆ. ಮೇಲಿನ ಹಂತದ ಪಂದ್ಯಗಳು ಮಣ್ಣಿನ ಅಂಕಣದಿಂದ ಮ್ಯಾಟಿಗೆ ಸರಿದಿವೆ. ಮ್ಯಾಟು ಕೆಟ್ಟದ್ದೆಂದು ನಾನು ಹೇಳುವುದಿಲ್ಲ: ಕಂಬದ ಬಳಿ ಎದೆಯೂರಿ ಡೈವ್ ಹೊಡೆಯುವ ಹುಡುಗಿಗೆ ಗಟ್ಟಿ ನೆಲಕ್ಕಿಂತ ಅದು ಎಷ್ಟೋ ಮೇಲು, ಮಳೆಗಾಲದಲ್ಲಿ ಒಳಾಂಗಣದಲ್ಲಿ ಹಾಸಿಕೊಂಡರೆ ಪಂದ್ಯ ನಿಲ್ಲುವುದೂ ಇಲ್ಲ. ಆದರೆ ಮ್ಯಾಟಿನ ಮೇಲೆ ಬರಿಗಾಲಿನಲ್ಲಿ ತಿರುಗಿದರೆ ಅಂಗಾಲಿನ ಚರ್ಮ ಕಿತ್ತು ಬರುತ್ತದೆ, ಜಾರಿದರೆ ಮೊಣಕಾಲು ಉಜ್ಜಿ ಹೋಗುತ್ತದೆ. ಹಾಗಾಗಿ ಹಿಡಿತವಿರುವ ಶೂ ಬೇಕು, ಮೊಣಕಾಲಿಗೆ ಕ್ಯಾಪ್ ಬೇಕು. ಸರ್ಕಾರ ಶೂ ಭಾಗ್ಯ ಯೋಜನೆಯಲ್ಲಿ ಕೊಡುವ ಕಪ್ಪು ಶೂ ತರಗತಿಗೆ ಬರಲು ಚೆನ್ನಾಗಿದೆ, ಆಡಲು ಆಗುವುದಿಲ್ಲ. ಮೈಸೂರಿನ ಅಂಗಡಿಗಳಲ್ಲಿ ನಾನು ವಿಚಾರಿಸಿದಂತೆ ಆಟಕ್ಕೆ ತಡೆಯುವ ಶೂ ಸಾವಿರ ರೂಪಾಯಿಯ ಕೆಳಗೆ ಸಿಗುವುದು ಕಷ್ಟ, ಬೆಳೆಯುವ ಮಗುವಿನ ಕಾಲಿಗೆ ಅದು ಮರುವರ್ಷ ಹಿಡಿಸುವುದಿಲ್ಲ.

ಖರ್ಚಿನ ಇನ್ನೊಂದು ಭಾಗವನ್ನು ಯಾವ ನಿಯಮವೂ ಕೇಳಿಲ್ಲ, ಅದು ನೋಡಿ ಕಲಿತದ್ದು. ಜಿಲ್ಲಾ ಮಟ್ಟಕ್ಕೆ ಹೋದಾಗ ಖಾಸಗಿ ಶಾಲೆಯ ತಂಡಗಳು ಒಂದೇ ಬಣ್ಣದ ಟ್ರ್ಯಾಕ್ ಸೂಟು, ಬೆನ್ನ ಮೇಲೆ ಹೆಸರು ಅಚ್ಚಾದ ಜೆರ್ಸಿ, ಒಂದೇ ಬಗೆಯ ಕಿಟ್ ಬ್ಯಾಗು ಹಾಕಿಕೊಂಡು ಸಾಲಾಗಿ ಇಳಿಯುವುದನ್ನು ನಮ್ಮ ಮಕ್ಕಳು ನೋಡುತ್ತಾರೆ. ಒಂದು ವರ್ಷ ನಮ್ಮ ತಂಡದ ಹಿರಿಯ ಹುಡುಗಿಯರು ತಾವೇ ಸೇರಿ, ಎಲ್ಲರೂ ಟ್ರ್ಯಾಕ್ ಸೂಟು ಹೊಲಿಸೋಣವೆಂದು ಮಾತಾಡಿಕೊಂಡಿದ್ದರು. ಅದೇ ವಾರ ತಂಡದ ಅತ್ಯುತ್ತಮ ಓಟಗಾರ್ತಿಯರಲ್ಲಿ ಒಬ್ಬಳು ಬಂದು, "ಮಿಸ್, ನಂಗೆ ಆಟ ಸಾಕು, ಓದ್ಕೋತೀನಿ" ಎಂದಳು. ಅವಳ ತಾಯಿ ನಂಜನಗೂಡಿನ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದವರು. ಭಾನುವಾರ ಮನೆಗೆ ಹೋಗಿ ಕೇಳಿದಾಗ, "ಶೂ, ಡ್ರೆಸ್ಸು ಎಲ್ಲಾ ಸೇರಿ ಎರಡು ಸಾವಿರದ ಮೇಲೆ ಆಯ್ತದಂತೆ ಮೇಡಮ್ಮೋರೆ, ನಾನೇ ಬ್ಯಾಡ ಬುಡು ಅಂದೆ" ಎಂದರು. ಆ ಹುಡುಗಿ ಹಣದ ಮಾತನ್ನು ನನ್ನ ಬಳಿ ಎತ್ತಿರಲಿಲ್ಲ, ಎತ್ತುತ್ತಲೂ ಇರಲಿಲ್ಲ. ಬಡ ಮನೆಯ ಮಕ್ಕಳು ಆಟ ಬಿಡುವುದು ಹೀಗೆ. ಓದು, ಹೊಟ್ಟೆನೋವು, ಮನೆಗೆಲಸ ಎಂದು ಏನೋ ಒಂದನ್ನು ಮುಂದಿಟ್ಟು ಸರಿದುಬಿಡುತ್ತಾರೆ.

ಮುಖ್ಯ ಶಿಕ್ಷಕರ ಜೊತೆಗೂ ಶಾಲಾಭಿವೃದ್ಧಿ ಸಮಿತಿಯ ಜೊತೆಗೂ ಕೂತು ನಾವು ಒಂದು ಕಟ್ಟುಪಾಡು ಮಾಡಿಕೊಂಡೆವು: ಆಟಕ್ಕೆ ಬೇಕಾದ ಯಾವ ವಸ್ತುವನ್ನೂ ಮಗು ಕೊಳ್ಳಬೇಕಾಗಿಲ್ಲ, ಪಂದ್ಯದ ದಿನ ಎಲ್ಲರೂ ಹಾಕುವುದು ಶಾಲೆಯ ವಸ್ತುವನ್ನೇ. ಅನುಕೂಲವಿದ್ದವರ ಮಗಳು ಒಳ್ಳೆಯ ಶೂ ತಂದರೆ ಅಭ್ಯಾಸಕ್ಕೆ ಹಾಕಬಹುದು, ಪಂದ್ಯಕ್ಕಲ್ಲ. ಇದು ಅತಿಯಾಯಿತೆಂದು ಒಬ್ಬಿಬ್ಬರು ಪೋಷಕರು ಆಕ್ಷೇಪಿಸಿದರು. ಹದಿನೈದು ಮಂದಿ ಹುಡುಗಿಯರು ಒಂದೇ ಸಾಲಿನಲ್ಲಿ ನಿಂತಾಗ ಯಾರ ಮನೆಯ ಸ್ಥಿತಿ ಏನೆಂದು ಕಾಲು ನೋಡಿ ಹೇಳುವಂತಿರಬಾರದು ಎಂದು ನಾನು ಹಟ ಹಿಡಿದೆ, ಇಂದಿಗೂ ಅದನ್ನು ಸಡಿಲಿಸಿಲ್ಲ.

ಶೂಗಳನ್ನು 3ರಿಂದ 6ನೇ ಅಳತೆಯವರೆಗೆ ಒಟ್ಟಾಗಿ ಕೊಂಡು, ನಾಲಿಗೆಯ ಒಳಬದಿಗೆ ಬಣ್ಣದಲ್ಲಿ ಸಂಖ್ಯೆ ಬರೆದು, ಕ್ರೀಡಾ ಸಾಮಗ್ರಿಯ ಬೀರುವಿನಲ್ಲಿ ಇಡುತ್ತೇವೆ. ಕ್ರೀಡಾಕೂಟಗಳು ಶುರುವಾಗುವ ಹೊತ್ತಿಗೆ ಅಳತೆ ನೋಡಿ ಪುಸ್ತಕದಲ್ಲಿ ಬರೆದು ಕೊಡುವುದು, ಋತು ಮುಗಿದ ಮೇಲೆ ಒಳಗಿನ ಅಟ್ಟೆ ತೆಗೆದು ತೊಳೆದು ನೆರಳಿನಲ್ಲಿ ಒಣಗಿಸಿ ವಾಪಸು ಪಡೆಯುವುದು. ಮಣ್ಣಿನ ಅಂಕಣದಲ್ಲಿ ಬರಿಗಾಲಿನ ಅಭ್ಯಾಸವನ್ನು ನಾನು ಬಿಡಿಸಿಲ್ಲ. ಅದರಿಂದ ಪಾದ ಗಟ್ಟಿಯಾಗುತ್ತದೆ, ಶೂವಿನ ಅಡಿಯೂ ಬೇಗ ಸವೆಯುವುದಿಲ್ಲ. ಜೆರ್ಸಿಯ ಮೇಲೆ ಸಂಖ್ಯೆ ಮತ್ತು ಶಾಲೆಯ ಹೆಸರು ಮಾತ್ರ ಇರುತ್ತದೆ. ಇಸವಿ ಹಾಕಿಸಿದರೆ ಅದು ಒಂದೇ ವರ್ಷದ ಬಟ್ಟೆಯಾಗುತ್ತದೆ, ಮಗುವಿನ ಹೆಸರು ಹಾಕಿಸಿದರೆ ಮನೆಗೆ ಹೋಗುತ್ತದೆ, ದಾನಿಯ ಹೆಸರು ಹಾಕಿಸಿದರೆ ಮರುವರ್ಷ ಇನ್ನೊಬ್ಬ ದಾನಿ ಹೊಸದನ್ನೇ ಹೊಲಿಸಬೇಕೆನ್ನುತ್ತಾರೆ.

ಹಣ ಬಂದದ್ದು ಊರಿನೊಳಗಿನಿಂದಲೇ. ಹಾಲು ಉತ್ಪಾದಕರ ಸಹಕಾರ ಸಂಘ, ಕೆಲಸಕ್ಕೆಂದು ಬೆಂಗಳೂರು ಸೇರಿದ ಹಳೆಯ ವಿದ್ಯಾರ್ಥಿಗಳು, ಒಬ್ಬಿಬ್ಬರು ಅಕ್ಕಿ ಗಿರಣಿಯವರು ಕೊಟ್ಟರು. ನಾನು ಕೈಗೆ ಹಣ ಪಡೆಯುವುದಿಲ್ಲ. ಮುಖ್ಯ ಶಿಕ್ಷಕರು ಮತ್ತು ಸಮಿತಿಯ ಅಧ್ಯಕ್ಷರ ಜಂಟಿ ಖಾತೆಗೆ ಕಟ್ಟಬೇಕು, ಇಲ್ಲವೇ ವಸ್ತುವನ್ನೇ ಕೊಡಿಸಬೇಕು. ಖರೀದಿಯ ಬಿಲ್ಲುಗಳ ನಕಲನ್ನು ಸೂಚನಾ ಫಲಕಕ್ಕೆ ಅಂಟಿಸುತ್ತೇವೆ. ಯಾರೂ ಕೇಳುವ ಮೊದಲೇ ಲೆಕ್ಕ ಕಣ್ಣಿಗೆ ಬಿದ್ದದ್ದರಿಂದ ಎರಡನೆಯ ವರ್ಷ ದಾನಿಗಳ ಮನೆ ಬಾಗಿಲಿಗೆ ನಾನು ಹೋಗುವ ಅಗತ್ಯ ಕಡಿಮೆಯಾಯಿತು.

ಪ್ರಯಾಣದ ಖರ್ಚನ್ನು ಇಳಿಸಿದ್ದು ಶಕ್ತಿ ಯೋಜನೆ. 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣ ಇಲ್ಲ. ಅದಕ್ಕೆ ಮೊದಲು ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಗೆದ್ದಷ್ಟೂ ಖರ್ಚು ಬೆಳೆಯುತ್ತಿತ್ತು. ಗೆಲುವಿನ ಸಂಜೆಯೇ ಮುಂದಿನ ಹಂತಕ್ಕೆ ವಾಹನ ಮಾಡುವುದು ಹೇಗೆಂಬ ಚಿಂತೆ ಹತ್ತಿಕೊಳ್ಳುತ್ತಿತ್ತು. ಈಗ ಎಲ್ಲರ ಆಧಾರ್ ಕಾರ್ಡನ್ನು ಒಂದು ಚೀಲದಲ್ಲಿ ಇಟ್ಟುಕೊಂಡು, ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇವೆ. ಬಾಲಕರ ತಂಡಕ್ಕೆ ಈ ಅನುಕೂಲವಿಲ್ಲ. ಅವರ ವಿದ್ಯಾರ್ಥಿ ಪಾಸು ಮನೆ ಮತ್ತು ಶಾಲೆಯ ನಡುವಿನ ದಾರಿಗೆ ಮಾತ್ರ ಸಲ್ಲುತ್ತದೆ. ಆದ್ದರಿಂದ ಹಾಲಿನ ಸಂಘದ ಹಣದಲ್ಲಿ ದೊಡ್ಡ ಪಾಲನ್ನು ಈಗ ಹುಡುಗರ ಬಸ್ ಚಾರ್ಜಿಗೆಂದು ತೆಗೆದಿಡುತ್ತೇವೆ.

ಹೊಟ್ಟೆಗೆ ಬೇಕಾದದ್ದೂ ಖರ್ಚಿನ ಬಾಬ್ತೇ. ಶಾಲೆಯಲ್ಲಿ ಹಾಲು, ರಾಗಿ ಮಾಲ್ಟ್, ಮಧ್ಯಾಹ್ನದ ಬಿಸಿಯೂಟ, ಮೊಟ್ಟೆ ಇವೆ. ಇವಿಲ್ಲದ ಕಾಲದಲ್ಲಿ ಸಂಜೆಯ ಅಭ್ಯಾಸದಲ್ಲಿ ಮಕ್ಕಳು ತಲೆಸುತ್ತಿ ಕೂರುತ್ತಿದ್ದದ್ದನ್ನು ನಾನು ಬಲ್ಲೆ. ಸಂಜೆಗೆಂದು ಅಡುಗೆಯ ಅಕ್ಕಂದಿರು ಬೆಳಿಗ್ಗೆಯೇ ಕಡಲೆಕಾಳು ನೆನೆಸಿಟ್ಟಿರುತ್ತಾರೆ. ಅದಕ್ಕೊಂದು ತುಂಡು ಬೆಲ್ಲ, ಸಿಕ್ಕಿದ ದಿನ ಬಾಳೆಹಣ್ಣು. ಪಟ್ಟಣದಲ್ಲಿ ಹದಿಮೂರು ವರ್ಷದ ಮಕ್ಕಳಿಗೂ ಪ್ರೊಟೀನ್ ಪುಡಿಯ ಡಬ್ಬಿ ಕೊಡಿಸುವುದು ಶುರುವಾಗಿದೆ. ನಮ್ಮ ಮಕ್ಕಳಿಗೆ ಅದು ಬೇಕಾಗಿಲ್ಲವೆಂದು ಪೋಷಕರ ಸಭೆಯಲ್ಲಿ ಸ್ಪಷ್ಟವಾಗಿಯೇ ಹೇಳುತ್ತೇನೆ.

ಅತಿ ಹೆಚ್ಚು ಹಣ ಹರಿಯುವುದು, ಅತಿ ಹೆಚ್ಚು ಪೋಲಾಗುವುದು ಕ್ರೀಡಾಕೂಟ ನಡೆಸುವಲ್ಲಿ. ಹೋಬಳಿ ಮಟ್ಟದ ಕೂಟವನ್ನು ವಹಿಸಿಕೊಂಡ ಶಾಲೆ ಊಟ, ಶಾಮಿಯಾನ, ಮೈಕು, ಪದಕ, ಪ್ರಮಾಣಪತ್ರ ಎಲ್ಲಕ್ಕೂ ದಾನಿಗಳನ್ನು ಹುಡುಕಬೇಕು. ಇಲಾಖೆಯಿಂದ ಬರುವುದು ಅದಕ್ಕೆ ಸಾಲುವುದಿಲ್ಲ. ಹಿಂದೆ ಊರಿನವರು ಮನೆಮನೆಯಿಂದ ಅಕ್ಕಿ, ತೆಂಗಿನಕಾಯಿ, ತರಕಾರಿ ತಂದು ಹಾಕುತ್ತಿದ್ದರು, ಸಂಜೆ ಫೈನಲ್ ನೋಡಲು ಹೊಲದಿಂದ ನೇರವಾಗಿ ಮೈದಾನಕ್ಕೆ ಬರುತ್ತಿದ್ದರು. ಈಗ ಹೆದ್ದಾರಿಯವರೆಗೆ ಫ್ಲೆಕ್ಸು, ವೇದಿಕೆಯ ಮೇಲೆ ಸಾಲು ಸಾಲು ಗಣ್ಯರು, ಪ್ರತಿಯೊಬ್ಬರಿಗೂ ಶಾಲು, ಮೈಸೂರು ಪೇಟ, ಹಾರ. ಉದ್ಘಾಟನೆ ಮುಗಿಯುವವರೆಗೆ ಮಕ್ಕಳು ಬಿಸಿಲಿನಲ್ಲಿ ನಿಂತಿರುತ್ತಾರೆ, ಆಮೇಲೆ ಹೊತ್ತಾಯಿತೆಂದು ಪಂದ್ಯದ ಅವಧಿಯನ್ನು ಮೊಟಕುಗೊಳಿಸುತ್ತಾರೆ. ಅಕ್ಕಪಕ್ಕದ ಊರಿನ ಕೂಟಕ್ಕಿಂತ ನಮ್ಮ ಟ್ರೋಫಿ ಒಂದು ಅಡಿ ಎತ್ತರವಿರಬೇಕೆಂಬ ಪೈಪೋಟಿ ಬೇರೆ.

ನಮ್ಮ ಶಾಲೆಗೆ ಸರದಿ ಬಂದಾಗ ಇದನ್ನು ಬದಲಿಸಲು ಸಾಧ್ಯವೇ ಎಂದು ನೋಡಿದೆವು. ಟ್ರೋಫಿ ಕೊಡುತ್ತೇನೆಂದು ಬಂದ ದಾನಿಗಳಿಗೆ ಬೇರೆ ಪಟ್ಟಿ ತೋರಿಸಿದೆವು: ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ಐಸು, ದಿನವಿಡೀ ಕುಡಿಯುವ ನೀರು, ಹೆಣ್ಣುಮಕ್ಕಳು ಬಟ್ಟೆ ಬದಲಾಯಿಸಲು ಸರಿಯಾದ ಕೊಠಡಿ, ಸ್ಯಾನಿಟರಿ ಪ್ಯಾಡು, ಸೋತು ಮಧ್ಯಾಹ್ನವೇ ಹೊರಡುವ ತಂಡಗಳಿಗೂ ಊಟ. ಇದಕ್ಕೆ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಹೇಳಿ, ಫಲಕದಲ್ಲಿ ಬರೆದೆವು, ಫ್ಲೆಕ್ಸು ಕಟ್ಟಲಿಲ್ಲ. ಸನ್ಮಾನಕ್ಕೆ ಶಾಲಿನ ಬದಲು ಒಂದೊಂದು ಗಿಡ ಕೊಟ್ಟೆವು. ಕೆಲವರಿಗೆ ಬೇಸರವಾಯಿತು, ಒಬ್ಬರು ವೇದಿಕೆಗೇ ಬರಲಿಲ್ಲ. ಆದರೆ ಪಂದ್ಯಗಳು ಪೂರ್ತಿ ಅವಧಿ ನಡೆದವು. ಮೊದಲ ಸುತ್ತಿನಲ್ಲೇ ಸೋತ ಶಾಲೆಯ ಮಕ್ಕಳೂ ಉಂಡು, ಕೂತು ಉಳಿದ ಆಟ ನೋಡಿ ಹೋದರು.

ತಂದೆತಾಯಿಯರ ಮನಸ್ಸು ಬದಲಾಗಿರುವುದು ಖರ್ಚಿಗಿಂತ ದೊಡ್ಡ ವಿಷಯ. ಪಟ್ಟಣದಲ್ಲಿ ಬೆಳಗಿನ ಜಾವವೇ ಮಕ್ಕಳನ್ನು ಅಕಾಡೆಮಿಗೆ ಬಿಟ್ಟು, ತಿಂಗಳ ಶುಲ್ಕ ಕಟ್ಟಿ, ಟರ್ಫನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆದು ಆಡಿಸುತ್ತಾರೆ. ದುಡ್ಡು ಹಾಕಿದ ಮೇಲೆ ಫಲ ಕೇಳುವುದು ಸಹಜ: ಪ್ರಮಾಣಪತ್ರ, ಕ್ರೀಡಾ ಕೋಟಾ, ಸೀಟು. ಆ ಲೆಕ್ಕಾಚಾರ ನಮ್ಮ ಹಳ್ಳಿಗೂ ಬಂದಿದೆ. "ಸ್ಟೇಟ್ ಲೆವೆಲ್ ಸರ್ಟಿಫಿಕೇಟ್ ಸಿಗುತ್ತಾ ಮೇಡಂ, ಇಲ್ಲಾಂದ್ರೆ ಯಾಕೆ?" ಎಂದು ಕೇಳುವವರಿದ್ದಾರೆ. ಅವರನ್ನು ನಾನು ದೂರುವುದಿಲ್ಲ; ಮಗಳ ಮುಂದಿನ ದಾರಿ ಅವರ ಚಿಂತೆ. ಹತ್ತನೇ ತರಗತಿ ಬಂದ ಕೂಡಲೇ ಹುಡುಗಿಯನ್ನು ತಂಡದಿಂದ ಬಿಡಿಸುವುದನ್ನು ಮಾತ್ರ ತಡೆಯಲು ಪ್ರಯತ್ನಿಸುತ್ತೇನೆ. ಒಂಬತ್ತನೇ ತರಗತಿಯ ಕೊನೆಯಲ್ಲೇ ಪೋಷಕರನ್ನು ಕರೆಸಿ, ಗಣಿತ ಮತ್ತು ವಿಜ್ಞಾನದ ಶಿಕ್ಷಕರನ್ನೂ ಕೂರಿಸಿಕೊಂಡು, ಅಭ್ಯಾಸ ಎಷ್ಟು ಹೊತ್ತು, ವಿಶೇಷ ತರಗತಿ ಯಾವಾಗ, ಕೂಟಗಳು ಮುಗಿಯುವುದು ಯಾವಾಗ ಎಂದು ಬರೆದು ಕೊಡುತ್ತೇವೆ. ಮಾತಿನ ಭರವಸೆಗಿಂತ ಆ ಹಾಳೆಯ ಮೇಲೆ ತಾಯಂದಿರಿಗೆ ಹೆಚ್ಚು ನಂಬಿಕೆ.

ಸರ್ಕಾರದ ಹಣ ಎಲ್ಲಿ ಬೀಳುತ್ತಿದೆ ಎಂಬುದರ ಬಗ್ಗೆ ನನ್ನದೊಂದು ತಕರಾರಿದೆ. ಖೇಲೊ ಇಂಡಿಯಾದಲ್ಲಿ ಆಯ್ಕೆಯಾದ ಕ್ರೀಡಾಪಟುವಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿಗೆ ಸಿಗುತ್ತದೆ. ಅದು ಬೇಕು, ಸರಿಯಾದದ್ದೇ. ಆದರೆ ಅಲ್ಲಿಗೆ ತಲುಪುವ ಮಗು ಮೊದಲು ಹೋಬಳಿ ಮಟ್ಟದಲ್ಲಿ ಆಡಬೇಕು, ಅಲ್ಲಿ ಅವಳಿಗೆ ಶೂ ಕೊಡುವವರಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಮತ್ತು ಕ್ರೀಡಾ ಸಾಮಗ್ರಿ ಇರಬೇಕೆಂದು ಬರೆದಿದೆ. ಹಾಗಿದ್ದೂ ಎಷ್ಟೋ ಶಾಲೆಗಳಲ್ಲಿ ಮೈದಾನವಿಲ್ಲ, ಮೈದಾನವಿದ್ದ ಕಡೆ ದೈಹಿಕ ಶಿಕ್ಷಕರ ಹುದ್ದೆ ಖಾಲಿ.

ಮ್ಯಾಟಿನ ಪ್ರಶ್ನೆ ನಮ್ಮಲ್ಲಿ ಇನ್ನೂ ಪೂರ್ತಿ ಬಗೆಹರಿದಿಲ್ಲ. ಒಂದು ಅಂಕಣಕ್ಕೆ ಆಗುವಷ್ಟು ಕೊಳ್ಳಲು ಲಕ್ಷಗಳ ಲೆಕ್ಕದಲ್ಲಿ ಬೇಕು, ಇಡಲು ಒಣ ಕೊಠಡಿಯೂ ಬೇಕು. ಸದ್ಯಕ್ಕೆ ತಾಲ್ಲೂಕು ಕೇಂದ್ರದ ಖಾಸಗಿ ಶಾಲೆಯೊಂದು ತನ್ನ ಮ್ಯಾಟಿನ ಮೇಲೆ ಶನಿವಾರ ಮಧ್ಯಾಹ್ನ ನಮ್ಮ ಮಕ್ಕಳಿಗೆ ಆಡಲು ಬಿಡುತ್ತದೆ. ಅದಕ್ಕೆ ಪ್ರತಿಯಾಗಿ ಅವರ ತಂಡಕ್ಕೂ ನಾನು ಕೂತವರ ನಡುವೆ ನುಸುಳಿ ಓಡುವ ಚೈನ್ ಆಟ, ಸುತ್ತು ಹಾಕಿ ಓಡುವ ರಿಂಗ್ ಆಟ ಹೇಳಿಕೊಡುತ್ತೇನೆ. ಒಂದು ಮ್ಯಾಟನ್ನು ತಾಲ್ಲೂಕು ಕ್ರೀಡಾಂಗಣದಲ್ಲಿ ಇಟ್ಟು, ಎಲ್ಲ ಶಾಲೆಗಳಿಗೂ ಸರದಿಯಂತೆ ಶುಲ್ಕವಿಲ್ಲದೆ ಬಿಟ್ಟುಕೊಡಬೇಕೆಂದು ತಾಲ್ಲೂಕಿನ ದೈಹಿಕ ಶಿಕ್ಷಕರೆಲ್ಲ ಸೇರಿ ಇಲಾಖೆಗೆ ಅರ್ಜಿ ಕೊಟ್ಟಿದ್ದೇವೆ. ಸರದಿಯ ಪಟ್ಟಿಯನ್ನೂ, ಮ್ಯಾಟು ಹಾಸಿ ಸುತ್ತಿಡುವ ಹೊಣೆ ಯಾವ ವಾರ ಯಾವ ಶಾಲೆಯದೆಂಬುದನ್ನೂ ಅರ್ಜಿಯ ಜೊತೆಗೇ ಲಗತ್ತಿಸಿದ್ದೇವೆ.