7 ಪರ್ಸೆಂಟ್ ಏರು ಹತ್ತಿತು: ನನ್ನ ಬ್ರೂಸಿಯೋ ಲೇಔಟ್ ಅನುಭವ

ಸ್ವಿಟ್ಜರ್ಲೆಂಡಿನ ಬ್ರೂಸಿಯೋ ಊರಿನ ರೈಲು ಸುರುಳಿಯ ಪುಟ್ಟ ಮಾದರಿಯನ್ನು (ಇದಕ್ಕೆ ನಾವು ಲೇಔಟ್ ಅಂತೀವಿ) ಮನೆಯ ಮೇಜಿನ ಮೇಲೆ ಕಟ್ಟಿದ್ದೀನಿ. ಹೋದ ಭಾನುವಾರ ಸಂಜೆ ಅದರಲ್ಲಿ ನಾಲ್ಕು ಬೋಗಿಯ ಕೆಂಪು ಗಾಡಿ ಒಮ್ಮೆಯೂ ಚಕ್ರ ಜಾರದೆ ಸುರುಳಿ ಹತ್ತಿ ಮೇಲಿನ ಸ್ಟೇಷನ್ನಿಗೆ ಬಂತು. ನಿಲ್ಲಿಸದೆ ಮೂವತ್ತು ಸುತ್ತು ಓಡಿಸಿದೆ. ಏರು 7 ಪರ್ಸೆಂಟ್, ಅಂದರೆ ಒಂದು ಮೀಟರ್ ಹೋದರೆ ಏಳು ಸೆಂಟಿಮೀಟರ್ ಮೇಲೆ. "ಎನ್ ಸ್ಕೇಲ್‌ನಲ್ಲಿ 4 ದಾಟಿದ್ರೆ ಆಗೋ ಮಾತಲ್ಲ ಸಾರ್, ಹಲ್ಲಿನ ಹಳಿ ಹಾಕ್ಬಿಡಿ" ಅಂತ ಬೆಂಗಳೂರಿನ ಗೆಳೆಯರು ಎರಡು ವರ್ಷದಿಂದ ಹೇಳ್ತಾನೇ ಇದ್ದರು. (ಎನ್ ಸ್ಕೇಲ್ ಅಂದರೆ 9 ಮಿಲಿಮೀಟರ್ ಅಗಲದ ಹಳಿಯ ಮಾದರಿ ರೈಲು; ಹಲ್ಲಿನ ಹಳಿ ಅಂದರೆ ಗಾಡಿಯ ಹಲ್ಲುಚಕ್ರ ಕಚ್ಚಿ ಹತ್ತೋದಕ್ಕೆ ಹಳಿಗಳ ನಡುವೆ ಹಾಕುವ ಹಲ್ಲಿನ ಪಟ್ಟಿ.) ಆ ಗೆಳೆಯರಲ್ಲಿ ಇಬ್ಬರು ಅವತ್ತು ಮೈಸೂರಿಗೆ ಬಂದು ಮೇಜಿನ ಪಕ್ಕದಲ್ಲೇ ನಿಂತಿದ್ದರು. ಒಬ್ಬರಂತೂ ರಸಮಟ್ಟ ಇಟ್ಟು ಏರನ್ನು ತಾವೇ ಅಳೆದು ನೋಡಿದರು.

ಹಲ್ಲು ಹಾಕೋದಕ್ಕೆ ನಾನು ಒಪ್ಪದೇ ಇದ್ದದ್ದು ಹಟಕ್ಕಲ್ಲ. ನಮ್ಮ ಊಟಿ ರೈಲು ಸುಮಾರು 12ಕ್ಕೆ 1ರ ಏರನ್ನು ಹಲ್ಲಿನ ಹಳಿ ಹಿಡಿದು ಹತ್ತುತ್ತದೆ. ಬ್ರೂಸಿಯೋ ಇರುವ ಸ್ವಿಟ್ಜರ್ಲೆಂಡಿನ ಬೆರ್ನಿನಾ ಲೈನು 14ಕ್ಕೆ 1ರ, ಅಂದರೆ ಇದೇ 7 ಪರ್ಸೆಂಟ್ ಏರನ್ನು ಬರೀ ಚಕ್ರದ ಹಿಡಿತದಲ್ಲೇ ಹತ್ತುತ್ತದೆ, ಅದೂ 1910ರಿಂದ. 1775 ಮೀಟರ್ ಎತ್ತರದ ಸೇಂಟ್ ಮೊರಿಟ್ಜ್‌ನಿಂದ ಹೊರಟು, 2253 ಮೀಟರಿನ ಒಸ್ಪಿಜಿಯೋ ಬೆರ್ನಿನಾ ದಾಟಿ, ಇಟಲಿಯ ತಿರಾನೋದಲ್ಲಿ 429 ಮೀಟರಿಗೆ ಇಳಿಯುತ್ತದೆ. ಅರವತ್ತು ಚಿಲ್ಲರೆ ಕಿಲೋಮೀಟರ್, ಒಂದು ಹಲ್ಲೂ ಇಲ್ಲ. ಅಂಥ ಲೈನಿಗೆ ಮಾದರಿಯಲ್ಲಿ ಹಲ್ಲು ಜೋಡಿಸಿದರೆ ಉಳಿಯೋದೇನು?

ನಾನು ಹುಟ್ಟಿದ್ದು ಸಕಲೇಶಪುರದಲ್ಲಿ. ಸುಬ್ರಹ್ಮಣ್ಯದ ಕಡೆ ಇಳಿಯುವ ಘಾಟಿಯ 57 ಸುರಂಗಗಳನ್ನು ಎಣಿಸುತ್ತಾ ಮೀಟರ್ ಗೇಜ್ ಗಾಡಿಯಲ್ಲಿ ಬೆಳೆದವನು. ಅಲ್ಲಿನ ಏರು 50ಕ್ಕೆ 1. ಅದು ಬ್ರಾಡ್ ಗೇಜ್ ಆಯಿತು, ಆಗಬೇಕಿತ್ತು ಕೂಡ. ಆದರೆ ಬೆರ್ನಿನಾದಲ್ಲಿ ಅದೇ ಒಂದು ಮೀಟರ್ ಅಗಲದ ಹಳಿಯ ಮೇಲೆ ಇವತ್ತಿಗೂ ಗಂಟೆಗೊಂದು ಗಾಡಿ ಓಡೋದನ್ನು 2023ರ ಜೂನ್‌ನಲ್ಲಿ ನೋಡಿದಾಗ ಗಂಟಲು ಕಟ್ಟಿತು.

ಅಲ್ಲಿಗೆ ಹೋಗುವವರಿಗೆ ಒಂದು ಮಾತು. ಗಾಜಿನ ಚಾವಣಿಯ ಬೆರ್ನಿನಾ ಎಕ್ಸ್‌ಪ್ರೆಸ್ಸಿಗೆ ಸ್ವಿಸ್ ರೈಲು ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕೊಟ್ಟು ಕಾಯ್ದಿರಿಸಬೇಕು. ಅದೇ ಹಳಿಯ ಮೇಲೆ ಓಡುವ ಸಾಮಾನ್ಯ ಪ್ಯಾಸೆಂಜರ್ ಹತ್ತಿ. ಹಳೇ ಬೋಗಿ ಸಿಕ್ಕಿದರೆ ಕಿಟಕಿ ತೆಗೆಯಬಹುದು, ತಿರುವಿನಲ್ಲಿ ಚಕ್ರದ ಕಿರುಗುಟ್ಟುವಿಕೆ ಕೇಳುತ್ತದೆ, ಬೇಕಾದ ಕಡೆ ಇಳಿಯಬಹುದು. ಮೂರು ದಿನದ ಪಾಸಿಗೆ ಆಗ 230 ಫ್ರಾಂಕ್ ಕೊಟ್ಟ ನೆನಪು, ನಮ್ಮ ದುಡ್ಡಲ್ಲಿ ಇಪ್ಪತ್ತೊಂದು ಸಾವಿರದ ಹತ್ತಿರ. ಒಂದು ದಿನ ಪೂರ್ತಿ ಬ್ರೂಸಿಯೋಗೇ ಕೊಟ್ಟೆ. ಸ್ಟೇಷನ್ನಿಂದ ಕೆಳಗೆ ನಡೆದರೆ ಆ ಒಂಬತ್ತು ಕಮಾನಿನ ಕಲ್ಲಿನ ಸೇತುವೆ. ಗಾಡಿ ಅದರ ಮೇಲೆ ಸುತ್ತು ಹೊಡೆದು, ಅದೇ ಸೇತುವೆಯ ಕಮಾನಿನಡಿ ನುಸುಳಿ ಹೊರಗೆ ಬರುತ್ತದೆ. ಮೂರು ಗಂಟೆ ಹುಲ್ಲಿನ ಮೇಲೆ ಕೂತಿದ್ದೆ. "ರೀ, ಇನ್ನೂ ಎಷ್ಟು ಗಾಡಿ?" ಅಂತ ನನ್ನಾಕೆ ಕೇಳಿದಳು. ಇನ್ನೊಂದು ಅಂದೆ. ಆ ಇನ್ನೊಂದು ಗಾಡಿಯ ಹಿಂದೆ ಮರದ ದಿಮ್ಮಿ ತುಂಬಿದ ಎರಡು ವ್ಯಾಗನ್ ಸಿಕ್ಕಿಸಿದ್ದರು. ಪ್ಯಾಸೆಂಜರ್ ಗಾಡಿಗೇ ಗೂಡ್ಸ್!

ಈಗ ಮೇಜಿಗೆ ಬರೋಣ. ಮಹಡಿ ಮೇಲಿನ ಶೀಟ್ ರೂಮಿನಲ್ಲಿ ಏಳು ಅಡಿಗೆ ನಾಲ್ಕು ಅಡಿಯ ಮೇಜು. ಬ್ರೂಸಿಯೋದ ತಿರುವಿನ ತ್ರಿಜ್ಯ 70 ಮೀಟರ್. 1:150ಕ್ಕೆ ಇಳಿಸಿದರೆ 467 ಮಿಲಿಮೀಟರ್, ನನಗೆ ಅಷ್ಟು ಜಾಗ ಇಲ್ಲ. 315ಕ್ಕೆ ಇಳಿದೆ. ಒಂದು ಸುತ್ತಿಗೆ ಹತ್ತಿರ ಹತ್ತಿರ ಎರಡು ಮೀಟರ್ ಹಳಿ, ಹದಿನಾಲ್ಕು ಸೆಂಟಿಮೀಟರ್ ಏರಿಕೆ. ಇಳಿಯೋ ದಾರಿ ಮೇಜಿನ ಅಂಚಿನುದ್ದಕ್ಕೆ, 3.5 ಪರ್ಸೆಂಟ್ ಇರಬಹುದು. ಈ ಸ್ಕೇಲಿಗೆ ಮೀಟರ್ ಗೇಜ್ ಅಂದರೆ 6.7 ಮಿಲಿಮೀಟರ್ ಆಗಬೇಕು, 9 ಯಾಕೆ ಹಾಕಿದಿರಿ ಅಂತ ಕೇಳುವವರಿದ್ದಾರೆ. ಗಾಡಿ, ಹಳಿ, ಪಾಯಿಂಟ್ (ಹಳಿ ಕವಲೊಡೆಯುವ ತುಂಡು) ಮೂರೂ ನನ್ನ ಜೇಬಿಗೆ ಎಟುಕುವ ಹಾಗೆ ಸಿಗೋದು 9ರಲ್ಲಿ ಮಾತ್ರ. ಅದರ ಬಗ್ಗೆ ನನಗೆ ಬೇಸರವಿಲ್ಲ.

ಮೊದಲ ಏರನ್ನು ಥರ್ಮೋಕೋಲ್ ಮೇಲೆ ಕಟ್ಟಿದೆ. ಪ್ಲೈವುಡ್‌ಗೆ ಹಚ್ಚುವ ರಬ್ಬರ್ ಗೋಂದನ್ನೇ ಅದಕ್ಕೂ ಹಚ್ಚಿದೆ. ಬೆಳಿಗ್ಗೆ ನೋಡಿದರೆ ಥರ್ಮೋಕೋಲ್ ಕರಗಿ ಜಾಲರಿಯ ಹಾಗಾಗಿತ್ತು. ಎರಡನೇದು ಅಗ್ಗದ ಪ್ಲೈವುಡ್. ಜುಲೈ ಮಳೆಗೆ ಉಬ್ಬಿ, 7 ಪರ್ಸೆಂಟ್ ಏರು ಒಂದು ಕಡೆ 9, ಇನ್ನೊಂದು ಕಡೆ 5 ಆಯಿತು. ಇವೆರಡರಲ್ಲೇ ಹದಿನೈದು ಸಾವಿರ ಹೋಯಿತು. ಮೂರನೇ ಸಲ 12 ಮಿಲಿಮೀಟರಿನ ಮರೀನ್ ಪ್ಲೈ, ಕೊಯ್ದ ಅಂಚಿಗೆಲ್ಲ ಎರಡು ಕೋಟ್ ವಾರ್ನಿಷ್. ಎರಡು ಮಳೆಗಾಲ ಕಳೆದಿದೆ, ಅಲುಗಿಲ್ಲ.

ಆಮೇಲೆ ಗಾಡಿ. ಮೊದಲಿಗೆ ಎರಡು ಬೋಗಿ ಎಳೆಯುತ್ತಿತ್ತು, ಮೂರನೇದು ಸಿಕ್ಕಿಸಿದರೆ ನಿಂತಲ್ಲೇ ಚಕ್ರ ತಿರುಗುತ್ತಿತ್ತು. ಎಲ್ಲರೂ ಹೇಳುವ ಹಾಗೆ ತೂಕ ಹಾಕಿದೆ: ಮೀನಿನ ಗಾಳಕ್ಕೆ ಕಟ್ಟುವ ಸೀಸ, ಅಕ್ಕಸಾಲಿಗರ ಚಿಕ್ಕ ತಕ್ಕಡಿಯಲ್ಲಿ ತೂಗಿ, ಮೊದಲು ಹತ್ತು ಗ್ರಾಂ, ಆಮೇಲೆ ಇಪ್ಪತ್ತೈದು. ಇಪ್ಪತ್ತೈದಕ್ಕೆ ಮೂರು ಬೋಗಿ ಹತ್ತಿತು, ಆದರೆ ಅರ್ಧ ಗಂಟೆಯಲ್ಲಿ ಮೋಟರ್ ಕೈಯಿಟ್ಟರೆ ಸುಡುತ್ತಿತ್ತು. ಒಂದು ಮೋಟರ್ ಹಾಗೇ ಸುಟ್ಟಿತು. ಅಲ್ಲಿಗೆ ತೂಕದ ದಾರಿ ಬಿಟ್ಟು ಬೋಗಿಗಳ ಕಡೆ ತಿರುಗಿದೆ. ಉತ್ತರ ಇದ್ದದ್ದು ಅಲ್ಲೇ. ಒಂದೊಂದು ಬೋಗಿಯನ್ನೂ ಇಳಿಜಾರಿನ ಹಲಗೆ ಮೇಲೆ ತಾನಾಗಿ ಉರುಳಲು ಬಿಟ್ಟು ನೋಡಿದೆ. ಒಂದು ಬೋಗಿ 2 ಪರ್ಸೆಂಟಿಗೇ ಉರುಳಿದರೆ, ಇನ್ನೊಂದು 5ಕ್ಕೂ ಕದಲಲಿಲ್ಲ! ಅದರೊಳಗಿನ ದೀಪಕ್ಕೆ ಕರೆಂಟ್ ತರುವ ತಾಮ್ರದ ಪಟ್ಟಿ ಚಕ್ರದ ಅಚ್ಚನ್ನು ಬ್ರೇಕಿನ ಹಾಗೆ ಒತ್ತಿ ಹಿಡಿದಿತ್ತು. ಎಲ್ಲ ಬೋಗಿಯ ಪಟ್ಟಿಗಳನ್ನೂ ಸಡಿಲಿಸಿ, ಎರಡರಲ್ಲಿ ದೀಪವನ್ನೇ ತೆಗೆದೆ. ಈಗ ಇಂಜಿನ್ನಿನಲ್ಲಿರೋದು ಹದಿಮೂರು ಗ್ರಾಂ ಸೀಸ ಮಾತ್ರ. ಅದನ್ನು ಎಲ್ಲಿ ಕೂರಿಸಿದ್ದೀನಿ, ಚಕ್ರಕ್ಕೆ ಸುತ್ತಿದ ಹಿಡಿತದ ರಬ್ಬರಿಗೆ ಏನು ಸವರುತ್ತೀನಿ ಅನ್ನೋದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ತೀನಿ. ಮನೆಗೆ ಬಂದವರಿಗೆ ತೋರಿಸ್ತೀನಿ.

ಏರು ಶುರುವಾಗುವ ಜಾಗ ನನ್ನನ್ನು ಆರು ತಿಂಗಳು ಕಾಡಿತು. ಸಪಾಟಿನಿಂದ ನೇರ 7ಕ್ಕೆ ಹೋದರೆ ಕೊಂಡಿ ಕಳಚುತ್ತದೆ. ನಲವತ್ತು ಸೆಂಟಿಮೀಟರಿನಲ್ಲಿ 2, 4, 5.5, 7 ಅಂತ ಬಾಗಿಸಿದೆ, ತುದಿಯಲ್ಲೂ ಹಾಗೇ. ಸುರುಳಿಯಲ್ಲಿ ಹಳಿಗೆ ಕರೆಂಟ್ ಕೊಡುವ ಫೀಡರ್ ತಂತಿ ಅರ್ಧ ಮೀಟರಿಗೊಂದು. ಶೀಟ್ ರೂಮಿನ ಸೆಕೆಗೆ ಹಳಿ ಹಿಗ್ಗಿ ಏಪ್ರಿಲ್‌ನಲ್ಲಿ ಒಮ್ಮೆ ಡೊಂಕಾಯಿತು. ಈಗ ಕೀಲುಗಳಲ್ಲಿ ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಬಿಟ್ಟಿದ್ದೀನಿ.

ಇಳಿಯುವಾಗ ಗಾಡಿ ಬಿಕ್ಕುತ್ತಿತ್ತು. ಹಿಂದಿನ ಬೋಗಿಗಳ ಭಾರ ನೂಕಿದಾಗ ವರ್ಮ್ ಗೇರಿನ ಕಡ್ಡಿ (ಮೋಟರಿನ ತಿರುಗಾಟವನ್ನು ಚಕ್ರಕ್ಕೆ ಮುಟ್ಟಿಸುವ ತಿರುಪಿನಂಥದ್ದು) ತನ್ನ ಜಾಗದಲ್ಲಿ ಹಿಂದೆ ಮುಂದೆ ಆಡೋದೇ ಕಾರಣ. ಎರಡೂ ತುದಿಗೆ ಕಾಗದದಷ್ಟು ತೆಳುವಾದ ವಾಷರ್ ಹಾಕಿದೆ, ಬಿಕ್ಕಳಿಕೆ ನಿಂತಿತು. ಹತ್ತು ರೂಪಾಯಿಯ ಕೆಲಸ.

ಕಮಾನುಗಳನ್ನು ಸಿಲಿಕಾನ್ ಅಚ್ಚಿನಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಮಾಡಿದೆ. ಮೊದಲ ನಾಲ್ಕು ಅಚ್ಚಿನಿಂದ ಬಿಡಿಸುವಾಗಲೇ ಮುರಿದವು. ನಮ್ಮ ಬೀದಿಯ ಗೊಂಬೆ ಮಾಡುವ ಹಿರಿಯರೊಬ್ಬರು "ನೀರಿಗೆ ಒಂಚೂರು ಫೆವಿಕಾಲ್ ಕಲಸಿ ಸ್ವಾಮಿ" ಅಂದರು. ಆಮೇಲೆ ಒಂದೂ ಮುರಿಯಲಿಲ್ಲ.

ನಡುವೆ ಒಂದು ತಿಂಗಳು ಆ ಲೈನಿನ ಪಕ್ಕದ ಲಾಗೋ ಬಿಯಾಂಕೋ ಕೆರೆಯ ಹಿಂದೆ ಬಿದ್ದಿದ್ದೆ. ಹಿಮನದಿಯ ನುಣ್ಣನೆ ಕಲ್ಲುಪುಡಿ ಬೆರೆತು ಅದರ ನೀರು ಹಾಲು ಬೆರೆಸಿದ ಹಾಗಿರುತ್ತದೆ. ಅದು ಏಡ್ರಿಯಾಟಿಕ್ ಸಮುದ್ರಕ್ಕೆ ಹರಿದರೆ, ಪಕ್ಕದಲ್ಲೇ ಇರುವ ಇನ್ನೊಂದು ಕೆರೆಯ ನೀರು ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಮೇಜಿನ ಮೇಲಿನ ಕೆರೆಗೆ ಸುರಿಯುವ ಎಪಾಕ್ಸಿಗೆ ಬಿಳಿ ಬಣ್ಣ ಎರಡು ಹನಿ, ನೀಲಿ ಅರ್ಧ ಹನಿ. ಆಗಸ್ಟ್‌ನಲ್ಲಿ ಸುರಿದದ್ದಕ್ಕೆ ತೇವಕ್ಕೆ ಮೇಲೆ ಮಂಜು ಕಟ್ಟಿತು. ಡಿಸೆಂಬರ್‌ನಲ್ಲಿ ಸುರಿದದ್ದು ಇವತ್ತಿಗೂ ಕನ್ನಡಿಯ ಹಾಗಿದೆ.

ಒಟ್ಟು ಖರ್ಚು ಪ್ರವಾಸ ಬಿಟ್ಟು ಒಂದು ಲಕ್ಷ ನಲವತ್ತು ಸಾವಿರದ ಆಸುಪಾಸು. ಗಾಡಿ ಮತ್ತು ಹಳಿಗೆ ಅರವತ್ತು ಸಾವಿರ, ಹಾಳು ಮಾಡಿದ್ದು ಮೂವತ್ತು. ಒಂದು ಪಾರ್ಸೆಲ್ ಹೊರದೇಶದಿಂದ ತರಿಸಿ, ಹದಿನೆಂಟು ಸಾವಿರದ ಸಾಮಾನಿಗೆ ಸುಂಕ, ಕೊರಿಯರ್ ಅಂತ ಹನ್ನೆರಡು ಸಾವಿರ ಕಟ್ಟಿದೆ. ಆಮೇಲೆ ಅಲ್ಲಿಂದ ಬರುವವರ ಕೈಯಲ್ಲೇ ತರಿಸ್ತೀನಿ.

ರಸಮಟ್ಟ ಇಟ್ಟ ಗೆಳೆಯರು ಹೋಗುವಾಗ ತಮ್ಮ ಇಂಜಿನ್ನಿಗೂ ವಾಷರ್ ಬೇಕು ಅಂತ ಎರಡು ಜೊತೆ ಇಸ್ಕೊಂಡು ಹೋದರು. ನನಗೀಗ ನಾಲ್ಕು ಬೋಗಿಯ ಹಿಂದೆ ಆ ದಿಮ್ಮಿಯ ವ್ಯಾಗನ್ ಎರಡೂ ಹತ್ತಬೇಕು. ಒಂದು ಹತ್ತಿದೆ. ಎರಡನೇದು ಮೂರನೇ ಕಮಾನಿನವರೆಗೆ ಬರ್ತಿದೆ.