ಮಣ್ಣಿನ ಇಟ್ಟಿಗೆಯನ್ನು ನೆನೆಸಿ ಭಾರ ಹೇರಿದ ಅನುಭವ

ತುಮಕೂರು ಕಡೆಯ ನಮ್ಮ ತೋಟದ ಮನೆಗೆ, ಪಾಯ ಅಗೆದಾಗ ಸಿಕ್ಕ ಕೆಂಪು ಮಣ್ಣಿನಿಂದಲೇ ಇಟ್ಟಿಗೆ ಮಾಡಿಕೊಂಡೆವು. ಮಣ್ಣಿನಲ್ಲಿ ಜೇಡಿ ಹೆಚ್ಚಾಗಿದ್ದುದರಿಂದ ಕಲ್ಲುಪುಡಿ ಬೆರೆಸಿ, ಶೇ. 7ರಷ್ಟು ಸಿಮೆಂಟ್ ಸೇರಿಸಿ, ಭಾರತೀಯ ವಿಜ್ಞಾನ ಸಂಸ್ಥೆಯ ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರದಲ್ಲಿ ರೂಪುಗೊಂಡ ‘ಮರ್ದಿನಿ’ ಕೈಯಂತ್ರದಲ್ಲಿ ಒತ್ತಿ, ಹುಲ್ಲು ಹೊದಿಸಿ 28 ದಿನ ತೇವವಾಗಿಟ್ಟು ಕ್ಯೂರಿಂಗ್ ಮಾಡಿದೆವು. ಒಂದೊಂದು ಮಿಶ್ರಣವನ್ನೂ ಪ್ರಯೋಗಾಲಯಕ್ಕೆ ಹೊತ್ತೊಯ್ಯುವುದು ಆಗದ ಮಾತಾದ್ದರಿಂದ, ಇಟ್ಟಿಗೆ ಎಷ್ಟು ಭಾರಕ್ಕೆ ಒಡೆಯುತ್ತದೆಂದು ಅಳೆಯಲು ಮನೆಯಲ್ಲೇ ಒಂದು ಸನ್ನೆಕೋಲನ್ನು ಕಟ್ಟಿದೆ.

2 ಮೀಟರ್ ಉದ್ದದ, ಸುಮಾರು 20 ಕೆ.ಜಿ. ತೂಕದ ಕಬ್ಬಿಣದ ತೊಲೆಯ ಒಂದು ತುದಿಯನ್ನು, ಕಾಂಕ್ರೀಟಿನಲ್ಲಿ ಹೂತ ಕೊಂಡಿಗೆ ಸಿಕ್ಕಿಸಿದೆ. ಅಲ್ಲಿಂದ 20 ಸೆಂ.ಮೀ. ದೂರದಲ್ಲಿ, ಇಟ್ಟಿಗೆಯಿಂದ ಕತ್ತರಿಸಿದ 50 ಮಿ.ಮೀ. ಘನವನ್ನು ತೊಲೆಯ ಕೆಳಗಿಟ್ಟೆ. ಇನ್ನೊಂದು ತುದಿಗೆ ಡ್ರಮ್ ತೂಗುಹಾಕಿ ಬಾಂಡ್ಲಿಯಿಂದ ನಿಧಾನವಾಗಿ ಮರಳು ಸುರಿದರೆ, ಡ್ರಮ್ಮಿನ ಭಾರ ಹತ್ತು ಪಟ್ಟಾಗಿ ಘನದ ಮೇಲೆ ಬೀಳುತ್ತದೆ. ತೊಲೆಯ ಸ್ವಂತ ತೂಕದಿಂದ ಬೀಳುವ 100 ಕೆ.ಜಿ.ಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದನ್ನು ಮರೆತರೆ ಇಟ್ಟಿಗೆ ಇರುವುದಕ್ಕಿಂತ ದುರ್ಬಲವಾಗಿ ಕಾಣುತ್ತದೆ.

ಮೊದಲ ಘನಗಳು ಅಂಚಿನಲ್ಲೇ ಸಿಡಿದು, ಒಂದರ ಅಂಕಿ ಇನ್ನೊಂದಕ್ಕೆ ಹೊಂದಲಿಲ್ಲ. ಮೇಲ್ಮೈ ಸಮತಟ್ಟಾಗಿಲ್ಲದಿದ್ದುದೇ ಅದಕ್ಕೆ ಕಾರಣ. ಮೇಲೂ ಕೆಳಗೂ 3 ಮಿ.ಮೀ. ಪ್ಲೈವುಡ್ ಇಟ್ಟ ಮೇಲೆ ನಾಲ್ಕೂ ಬದಿಗಳು ಹೆಕ್ಕಳಿಕೆಯಂತೆ ಕಳಚಿ, ನಡುವೆ ಡಮರುವಿನ ಆಕಾರ ಉಳಿಯತೊಡಗಿತು. ಭಾರ ಸರಿಯಾಗಿ ನಡುವಿಗೆ ಬೀಳುತ್ತಿದೆ ಎಂಬುದಕ್ಕೆ ಅದನ್ನೇ ಗುರುತಾಗಿ ಇಟ್ಟುಕೊಂಡೆ.

ಒಣ ಘನ, ಮರಳು ಸೇರಿ ಡ್ರಮ್ಮಿನ ಭಾರ 110 ಕೆ.ಜಿ. ಆಗುವವರೆಗೆ ತಾಳಿಕೊಂಡಿತು. ತೊಲೆಯ 100 ಸೇರಿ ಘನದ ಮೇಲೆ ಬಿದ್ದ 1,200 ಕೆ.ಜಿ.ಯನ್ನು ಅದರ 25 ಚದರ ಸೆಂ.ಮೀ. ಮೇಲ್ಮೈಗೆ ಭಾಗಿಸಿದರೆ ಚದರ ಸೆಂಟಿಮೀಟರಿಗೆ 48 ಕೆ.ಜಿ. ಆದರೆ 48 ಗಂಟೆ ನೀರಿನಲ್ಲಿ ನೆನೆಸಿದ ಘನ 60 ಕೆ.ಜಿ.ಗೇ ಒಡೆದು, ಬಲ 28ಕ್ಕೆ ಇಳಿಯಿತು. ಸಿಮೆಂಟ್ ಹಾಕದ ಘನ ಒಣಗಿದ್ದಾಗ ಗಟ್ಟಿಯಾಗಿಯೇ ಇತ್ತು. ಬಕೆಟ್ಟಿನಲ್ಲಿ ಮುಳುಗಿಸಿದರೆ ಅರ್ಧ ದಿನದೊಳಗೆ ಕೆಸರಾಯಿತು. ಜೇಡಿ ನೀರು ಕುಡಿದು ಸಡಿಲವಾಗುವುದರಿಂದ, ಮಣ್ಣಿನ ಇಟ್ಟಿಗೆಗೆ ನೆಂದಾಗಿನ ಬಲವನ್ನೇ ಅದರ ಬಲವೆಂದು ಹಿಡಿಯಬೇಕೆಂದು ನಾನು ದೃಢವಾಗಿ ನಂಬುತ್ತೇನೆ.

ಕೊನೆಗೆ ಇದೇ ಮಿಶ್ರಣದ 230×190×100 ಮಿ.ಮೀ. ಇಟ್ಟಿಗೆಯನ್ನು ಇಡಿಯಾಗಿ ನೆನೆಸಿ ಕಾಲೇಜೊಂದರ ಯಂತ್ರಕ್ಕೆ ಕೊಟ್ಟಾಗ ಅದು 140 ಕಿಲೋನ್ಯೂಟನ್ನಿಗೆ ಒಡೆಯಿತು. 43,700 ಚದರ ಮಿ.ಮೀ.ಗೆ ಭಾಗಿಸಿದರೆ ಚದರ ಮಿ.ಮೀ.ಗೆ 3.2 ನ್ಯೂಟನ್, ಅಂದರೆ ನನ್ನ ಲೆಕ್ಕದ ರೀತಿಯಲ್ಲಿ ಚದರ ಸೆಂ.ಮೀ.ಗೆ ಸುಮಾರು 33 ಕೆ.ಜಿ. ಎತ್ತರಕ್ಕಿಂತ ಅಗಲ ಹೆಚ್ಚಿರುವ ಇಟ್ಟಿಗೆಯನ್ನು ಯಂತ್ರದ ಫಲಕಗಳ ಘರ್ಷಣೆ ಬದಿಗೆ ಹರಡದಂತೆ ಹಿಡಿದಿಡುವುದರಿಂದ ಅಂಕಿ ತುಸು ಹೆಚ್ಚು ಬರುತ್ತದೆ. ಆದ್ದರಿಂದ ನನ್ನ 28ನ್ನೇ ಆಧಾರವಾಗಿಟ್ಟುಕೊಂಡು, ಮಳೆನೀರು ಸಿಡಿಯುವ ಕೆಳಗಿನ ಮೂರು ವರಸೆಗಳಿಗೆ ಶೇ. 9ರಷ್ಟು ಸಿಮೆಂಟಿನ ಇಟ್ಟಿಗೆಗಳನ್ನು ಬೇರೆಯಾಗಿ ಒತ್ತಿಸಿದೆವು.